ಜಿಯಾಕೊಮೆಟ್ಟಿಯ ಮನುಷ್ಯರು ಏಕೆ ಅಷ್ಟು ತೆಳ್ಳಗೆ?

ನಮಸ್ಕಾರ. ಸ್ವಿಸ್ ಶಿಲ್ಪಿ ಆಲ್ಬರ್ಟೊ ಜಿಯಾಕೊಮೆಟ್ಟಿಯ ಕಡ್ಡಿಯಂಥ ಕಂಚಿನ ಮನುಷ್ಯರು ಎರಡನೇ ಮಹಾಯುದ್ಧದ ಕಾಲದ ಹಸಿವಿನ ಚಿತ್ರಣವೇ ಎಂದು ಕೇಳಿದ್ದೀರಿ. ಹಾಗೆ ಓದಿದವರು ಬಹಳ ಮಂದಿ ಇದ್ದಾರೆ. ಆದರೆ ಆ ಓದು ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ ಎಂದು ನನಗೆ ಅನಿಸುತ್ತದೆ.

ಜಿಯಾಕೊಮೆಟ್ಟಿ ಮೊದಲು ಪ್ಯಾರಿಸ್ಸಿನ ಸರ್ರಿಯಲಿಸ್ಟರ, ಅಂದರೆ ಕನಸು ಮತ್ತು ಸುಪ್ತಮನಸ್ಸಿನಿಂದ ಕಲೆ ಕಟ್ಟುತ್ತಿದ್ದ ಗುಂಪಿನ, ಜೊತೆಗಿದ್ದವರು. 1932ರ ‘ಬೆಳಗಿನ ಜಾವ ನಾಲ್ಕರ ಅರಮನೆ’ಯಂತೂ ಮರದ ಕಡ್ಡಿ, ಗಾಜು, ತಂತಿ, ದಾರಗಳಲ್ಲಿ ಕಟ್ಟಿದ ಕನಸೇ ಸರಿ. 1935ರಲ್ಲಿ ಕನಸನ್ನು ಬಿಟ್ಟು, ಎದುರಿಗೆ ಕುಳಿತವರ ತಲೆಯನ್ನು ನೋಡಿ ಮಾಡಲು ಹೊರಟರು; ಗುಂಪು ಅವರನ್ನು ಹೊರಹಾಕಿತು. ತೊಡಕು ಶುರುವಾದದ್ದು ಅಲ್ಲಿಂದ. ನೋಡಿದಷ್ಟೂ ಆ ತಲೆ ಅಪರಿಚಿತವಾಗುತ್ತ ಹೋಯಿತು. ಯುದ್ಧದ ವರ್ಷಗಳಲ್ಲಿ, ಜಿನೀವಾದಲ್ಲಿ, ಆಕೃತಿಗಳು ಕುಗ್ಗಿ ಕುಗ್ಗಿ ಬೆಂಕಿಪೊಟ್ಟಣದಲ್ಲಿ ಹಿಡಿಯುವಷ್ಟಾದವು. ಇನ್ನು ಕುಗ್ಗಲು ಬಿಡುವುದಿಲ್ಲ ಎಂದು ಎತ್ತರಕ್ಕೆ ಹಟ ಹಿಡಿದಾಗ ಅವು ಸಪೂರವಾದವು. ಇದನ್ನು ಅವರೇ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾರೆ.

1947ರ ‘ಬೆರಳು ತೋರುವ ಮನುಷ್ಯ’ ಎಂಬ ಕಂಚಿನ ಶಿಲ್ಪದ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಮೈತುಂಬ ಬೆರಳು ಒತ್ತಿದ ಗುಳಿಗಳು, ಎಲ್ಲಿಯೂ ನಯಗೊಳಿಸಿಲ್ಲ. ಪ್ರತಿ ಒತ್ತಿನಲ್ಲೂ ‘ಕಂಡದ್ದು ಇದೇನಾ?’ ಎಂಬ ಅನುಮಾನ ಉಳಿದುಕೊಂಡಿದೆ. ಆ ಮೈ ಹಸಿದದ್ದು ಎನ್ನುವುದಕ್ಕಿಂತ, ದೂರದಿಂದ ಒಬ್ಬರ ಕಣ್ಣಿಗೆ ಬಿದ್ದದ್ದು ಎನ್ನುವುದು ನನಗೆ ಹೆಚ್ಚು ಒಪ್ಪಿಗೆ.

ಸಾಧ್ಯವಾದರೆ ಅವರ ವರ್ಣಚಿತ್ರಗಳನ್ನೂ ನೋಡಿ. 1956ರಿಂದ ಜಪಾನಿನ ತತ್ವಶಾಸ್ತ್ರದ ಅಧ್ಯಾಪಕ ಇಸಾಕು ಯಾನೈಹಾರ ಜಿಯಾಕೊಮೆಟ್ಟಿಯ ಎದುರು ರೂಪದರ್ಶಿಯಾಗಿ ಕುಳಿತಾಗ, ಬಿಡಿಸಿದ ಮುಖವನ್ನು ಅಳಿಸಿ ಮತ್ತೆ ಬಿಡಿಸುವುದೇ ದಿನಗಟ್ಟಲೆ ನಡೆಯಿತು. ಆ ಬೂದು ಬಣ್ಣದ ಪದರಗಳಲ್ಲಿ ನಿಮ್ಮ ಪ್ರಶ್ನೆಗೆ ನನಗಿಂತ ಒಳ್ಳೆಯ ಉತ್ತರವಿದೆ.