ಮಾವ ತಂದ ಹಳೇ ರೆಡ್ ವೈನ್ ಕುಡಿಯಬಹುದಾ?

ಪ್ರಶ್ನೆ: ಅಣ್ಣಾ, ಮಾವ 2008ರಲ್ಲಿ ನಾಸಿಕ್‌ನಿಂದ ತಂದ ರೆಡ್ ವೈನ್ ಬಾಟಲಿ ಅಲ್ಮಾರಿಯಲ್ಲಿ ಹಾಗೇ ನಿಂತಿದೆ. ಹಳೆಯದಾದಷ್ಟೂ ರುಚಿ ಜಾಸ್ತಿ ಅಂತಾರೆ. ತೆಗೆಯಬಹುದಾ?
– ಓದುಗರು, ಕಲಬುರಗಿ

ಉತ್ತರ: ತೆಗೆಯಿರಿ ತಂಗಿ, ಆದರೆ ಆಸೆ ಕಡಿಮೆ ಇರಲಿ. ಹೆಚ್ಚಿನ ವೈನ್‌ಗಳನ್ನು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಬೇಕು. ವರ್ಷಗಟ್ಟಲೆ ಇಡುವುದಾದರೆ 12–14 ಡಿಗ್ರಿ ತಂಪು ಬೇಕು. ನಮ್ಮ ಬೇಸಿಗೆ 40 ದಾಟುತ್ತದೆ, ಅಲ್ವಾ? ಜೊತೆಗೆ ಬಾಟಲಿ ನಿಲ್ಲಿಸಿಟ್ಟರೆ ಕಾರ್ಕ್ ಒಣಗಿ ಗಾಳಿ ಒಳಗೆ ಹೋಗುತ್ತದೆ.

ಹೋದ ವರ್ಷ ಬೀದರ್‌ನಲ್ಲಿ ಗೆಳೆಯರ ಮನೆಯಲ್ಲಿ ಇಂಥದ್ದೇ ಒಂದು ತೆಗೆದೆವು. ಕಾರ್ಕ್ ಪುಡಿಪುಡಿಯಾಯಿತು. ಚಹಾ ಜಾಲರಿಯಲ್ಲಿ ಸೋಸಿದೆ. ಬಿಳಿ ಹಾಳೆಯ ಮೇಲೆ ಗ್ಲಾಸ್ ವಾಲಿಸಿದರೆ ಅಂಚೆಲ್ಲ ಇಟ್ಟಿಗೆ ಬಣ್ಣ. ತಾಜಾ ಹಣ್ಣಿನ ವಾಸನೆ ಹೋಗಿ ಒಣ ಅಂಜೂರ, ಒದ್ದೆ ಎಲೆ, ಹಳೇ ಚರ್ಮದ ವಾಸನೆ ಉಳಿದಿತ್ತು. ಮೊದಲ ಗುಟುಕು ಎಷ್ಟು ಮೆತ್ತಗಿತ್ತು! ಇಪ್ಪತ್ತೇ ನಿಮಿಷ, ಬರೀ ಹುಳಿ ಉಳಿಯಿತು. ನಿಜಕ್ಕೂ ಬೇಸರವಾಯಿತು.

ನೀವು ಬಾಟಲಿ ಅಲುಗಿಸದೆ ನಿಧಾನ ಬಗ್ಗಿಸಿ. ತಳದ ಗಸಿ ಬಣ್ಣ, ಒಗರು ಸೇರಿ ಕೂತದ್ದು, ವಿಷವಲ್ಲ. ವಿನೆಗರ್ ವಾಸನೆ ಬಂದರೆ ಚೆಲ್ಲಿಬಿಡಿ. ಚೆನ್ನಾಗಿದ್ದರೆ ತಡ ಮಾಡಬೇಡಿ, ಮೊದಲ ಗ್ಲಾಸ್ ಮಾವನವರಿಗೇ ಕೊಡಿ.