ಚಿತ್ರನೂ ಬರೆದ್ರು, ಕವಿತೆನೂ ಬರೆದ್ರು – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 19ನೇ ಶತಮಾನದಲ್ಲಿ ಚಿತ್ರಕಾರರೂ ಆಗಿ ಲೇಖಕರೂ ಆಗಿದ್ದವರು ಸುಮಾರು ಜನ ಇದ್ರು ಅಂತ ಓದಿದೆ. ಆದ್ರೆ ಅವ್ರಲ್ಲಿ ಹೆಚ್ಚಿನವ್ರಿಗೆ ಒಂದು ಕಸುಬು, ಇನ್ನೊಂದು ಬರೀ ಹವ್ಯಾಸ ಅಷ್ಟೇ ಅಲ್ವಾ? ಎರಡೂ ಸಮಸಮ ಇದ್ದವ್ರು ಯಾರು?

ಉತ್ತರ: ಹೆಚ್ಚಿನವ್ರ ವಿಷಯದಲ್ಲಿ ನೀವು ಹೇಳೋದು ನಿಜ. ಆದ್ರೆ ವಿಲಿಯಂ ಬ್ಲೇಕ್ ವಿಷಯದಲ್ಲಿ ಅಲ್ಲ. ನಮ್ಮ ಕನ್ನಡದಲ್ಲಿ ಕಥೆನೂ ಬರೀತೀವಿ, ಚಿತ್ರನೂ ಬರೀತೀವಿ, ಎರಡಕ್ಕೂ ಒಂದೇ ಮಾತು ಸಾಕು ನಮಗೆ, ಬ್ಲೇಕ್ ಕೆಲಸ ನೋಡಿದಾಗೆಲ್ಲ ನಂಗೆ ಈ ಮಾತು ಅವನಿಗೋಸ್ಕರನೇ ಹುಟ್ಟಿದ ಹಾಗೆ ಕಾಣುತ್ತೆ.

ಅವನು ಹುಟ್ಟಿದ್ದು 1757ರಲ್ಲಿ ಲಂಡನ್ನಲ್ಲಿ, ತೀರಿಕೊಂಡಿದ್ದು 1827ರಲ್ಲಿ, ಅಂದ್ರೆ ಅರ್ಧಕ್ಕಿಂತ ಜಾಸ್ತಿ ಆಯಸ್ಸು ಹಿಂದಿನ ಶತಮಾನದ್ದೇ. 14ನೇ ವಯಸ್ಸಿಗೆ ಒಬ್ಬ ಕೆತ್ತನೆಗಾರನ ಹತ್ರ ಕೆಲಸ ಕಲಿಯೋಕೆ ಸೇರಿದ, ಜೀವನ ಪೂರ್ತಿ ಹೊಟ್ಟೆ ಹೊರೆದಿದ್ದು ಹೆಚ್ಚಾಗಿ ಅದೇ ಕೆಲಸದಿಂದ. ತನ್ನ ಕವಿತೆ ಪುಸ್ತಕಗಳಿಗೆ ಅವನು ಮಾಡಿಕೊಂಡ ದಾರಿ ಕೇಳಿ: ತಾಮ್ರದ ತಗಡಿನ ಮೇಲೆ ಆಸಿಡ್ ತಿನ್ನದೇ ಇರೋಂಥ ವಾರ್ನಿಷ್ ತಗೊಂಡು ಬ್ರಷ್ಷಲ್ಲಿ ಅಕ್ಷರನೂ ಚಿತ್ರನೂ ಒಟ್ಟಿಗೆ ಬರೆಯೋದು, ಆಮೇಲೆ ಆಸಿಡ್ ಹುಯ್ದ್ರೆ ಬರೆದಿದ್ದು ಉಬ್ಬಾಗಿ ಉಳಿದು ಮಿಕ್ಕಿದ್ದೆಲ್ಲ ಕರಗಿ ಹೋಗುತ್ತೆ, ಅದಕ್ಕೆ ಶಾಯಿ ಹಚ್ಚಿ ಅಚ್ಚು ಹಾಕಿ ಮೇಲೆ ಕೈಯಾರೆ ಬಣ್ಣ ತುಂಬೋದು. ಅಚ್ಚು ಬಿದ್ದಾಗ ಸರಿಯಾಗಿ ಓದೋಕೆ ಬರಬೇಕಲ್ಲ, ಅದಕ್ಕೆ ತಗಡಿನ ಮೇಲೆ ಪ್ರತಿ ಅಕ್ಷರನೂ ಕನ್ನಡಿಯಲ್ಲಿ ಕಾಣೋ ಹಾಗೆ ತಿರುಗಿಸಿ ಬರೀಬೇಕು! 100 ತಗಡಿನ ‘ಜೆರುಸಲೇಮ್’ ಅಂತ ದೊಡ್ಡ ಕಾವ್ಯನ ಹಾಗೇ ಮಾಡ್ದ. ಸಾಲಿನ ಕೊನೆ ಅಕ್ಷರದಿಂದ ಒಂದು ಬಳ್ಳಿ ಹೊರಟು ಅಂಚಲ್ಲಿ ಮನುಷ್ಯ ಆಗಿಬಿಡುತ್ತೆ, ಅಲ್ಲಿ ಪದ ಎಲ್ಲಿ ಮುಗೀತು ಚಿತ್ರ ಎಲ್ಲಿ ಶುರುವಾಯ್ತು ಅಂತ ಗೆರೆ ಹಾಕೋಕೆ ಆಗಲ್ಲ.

ಅವನ ಹೆಂಡತಿ ಕ್ಯಾಥರೀನ್ ಹೆಸರನ್ನೂ ಇಲ್ಲಿ ಹೇಳಲೇಬೇಕು. 1782ರಲ್ಲಿ ಮದುವೆ ರಿಜಿಸ್ಟರಲ್ಲಿ ಸಹಿ ಹಾಕೋಕೆ ಬರದೆ ಕ್ರಾಸ್ ಗುರುತು ಹಾಕಿದ್ದಳು. ಅವನು ಓದು ಬರಹ ಕಲಿಸಿದ, ಅಚ್ಚು ಹಾಕೋದು ಬಣ್ಣ ಹಾಕೋದು ಕಲಿಸಿದ, ಕೊನೆವರೆಗೂ ಪಕ್ಕದಲ್ಲಿ ಕೂತು ಕೆಲಸ ಮಾಡಿದಳು. ಇವತ್ತು ಮ್ಯೂಸಿಯಮ್ಮಲ್ಲಿ ಗಾಜಿನ ಹಿಂದೆ ಇರೋ ಎಷ್ಟೋ ಹಾಳೆಗಳಲ್ಲಿ ಅವಳ ಕೈನೂ ಇದೆ.

ಬದುಕಿದ್ದಾಗ ಕೊಳ್ಳೋರು ಬಹಳ ಕಮ್ಮಿ. 1809ರಲ್ಲಿ ಅಣ್ಣನ ಕಾಲುಚೀಲದ ಅಂಗಡಿ ಮೇಲೆ ಎಕ್ಸಿಬಿಷನ್ ಮಾಡ್ದ, ಬಂದ ಒಂದೇ ಒಂದು ವಿಮರ್ಶೆ ಅವನನ್ನ ಹುಚ್ಚ ಅಂತ ಕರೀತು. ಈಗಲೂ ಇದನ್ನ ಓದಿದ್ರೆ ನಂಗೆ ಹೊಟ್ಟೆ ಉರಿಯುತ್ತೆ.

ಪ್ರಶ್ನೆ: ರೊಸೆಟ್ಟಿ ಅನ್ನೋ ಕವಿ ತನ್ನ ಕವಿತೆಗಳನ್ನ ಹೆಂಡತಿ ಜೊತೆ ಹೂತಿಟ್ಟು ಆಮೇಲೆ ಅಗೆಸಿ ತೆಗೆದ ಅಂತಾರೆ. ಇದು ನಿಜನಾ ಕಟ್ಟುಕಥೆನಾ?

ಉತ್ತರ: ನಿಜ. ಡಾಂಟೆ ಗೇಬ್ರಿಯಲ್ ರೊಸೆಟ್ಟಿ ಬ್ಲೇಕ್‌ಗೆ ಒಂಥರಾ ವಾರಸುದಾರನೇ, ಇನ್ನೂ 20 ದಾಟದ ಹುಡುಗ ಆಗಿದ್ದಾಗ 1847ರಲ್ಲಿ ಬ್ಲೇಕ್‌ನ ಕೈಬರಹದ ನೋಟ್‌ಬುಕ್ಕನ್ನ 10 ಶಿಲಿಂಗ್ ಕೊಟ್ಟು ಕೊಂಡುಕೊಂಡಿದ್ದ, ಹುಲಿ ಮೇಲಿನ ಆ ಪ್ರಸಿದ್ಧ ಕವಿತೆಯ ಕರಡು ಇರೋದು ಅದರಲ್ಲೇ. ಮಾರನೇ ವರ್ಷ ಗೆಳೆಯರ ಜೊತೆ ಸೇರಿ ಪ್ರೀ-ರಫೆಲೈಟ್ ಅನ್ನೋ ಚಿತ್ರಕಾರರ ಗುಂಪು ಕಟ್ಟಿದ. 1850ರಲ್ಲಿ ‘ದಿ ಜರ್ಮ್’ ಅಂತ ಪತ್ರಿಕೆ ತಂದ್ರು, ನಾಲ್ಕೇ ಸಂಚಿಕೆಗೆ ನಿಂತುಹೋಯ್ತು. ಅದರಲ್ಲಿ ಬಂದ ‘ದಿ ಬ್ಲೆಸೆಡ್ ಡಾಮೋಜೆಲ್’ ಕವಿತೆಯನ್ನೇ ಎರಡು ದಶಕ ಕಳೆದ ಮೇಲೆ ದೊಡ್ಡ ಪೇಂಟಿಂಗ್ ಮಾಡ್ದ. ಚಿತ್ರದ ಚೌಕಟ್ಟಿನ ಮೇಲೆ ಕವಿತೆ ಸಾಲು ಬರೆಸೋದು ಅವನ ರೂಢಿ.

ಹೆಂಡತಿ ಎಲಿಜಬೆತ್ ಸಿಡಲ್ 1862ರ ಫೆಬ್ರವರಿಯಲ್ಲಿ ಅಫೀಮಿನ ಔಷಧಿ ಜಾಸ್ತಿಯಾಗಿ ತೀರಿಕೊಂಡಳು. ದುಃಖದಲ್ಲಿ ಅವನು ಕವಿತೆಗಳ ಹಸ್ತಪ್ರತಿಯನ್ನ ಅವಳ ಶವಪೆಟ್ಟಿಗೆಯಲ್ಲೇ ಇಟ್ಟುಬಿಟ್ಟ. ಲಂಡನ್ನಿನ ಹೈಗೇಟ್ ಸ್ಮಶಾನ. ಏಳು ವರ್ಷ ಆದ್ಮೇಲೆ ಪುಸ್ತಕ ತರಬೇಕು ಅನ್ನಿಸಿ 1869ರ ಅಕ್ಟೋಬರಲ್ಲಿ ಅಗೆಸಿದ, ತಾನು ಅಲ್ಲಿಗೆ ಹೋಗಲಿಲ್ಲ, ಬೇರೆಯವ್ರು ತೆಗೆದು ಹಾಳೆಗಳನ್ನ ಔಷಧಿ ಹಾಕಿ ಶುದ್ಧ ಮಾಡಿಕೊಟ್ರು, ಕೆಲವು ಹಾಳೆಗಳಲ್ಲಿ ಹುಳು ಕೊರೆದ ತೂತು. 1870ರಲ್ಲಿ ‘ಪೊಯಮ್ಸ್’ ಅಂತ ಬಂತು.

ಎಲ್ಲರೂ ಈ ಕಥೆ ಹೇಳಿ ಇಲ್ಲಿಗೇ ನಿಲ್ಲಿಸ್ತಾರೆ, ಅದೇ ನಂಗೆ ಬೇಜಾರು. ಯಾಕಂದ್ರೆ ಆ ಪೆಟ್ಟಿಗೆಯಲ್ಲಿದ್ದ ಸಿಡಲ್ ಕೂಡ ಚಿತ್ರನೂ ಕವಿತೆನೂ ಬರೀತಿದ್ದವಳೇ! ಮಿಲೇ ಬರೆದ ‘ಒಫೀಲಿಯಾ’ ಚಿತ್ರಕ್ಕೆ ಸ್ನಾನದ ತೊಟ್ಟಿಯ ನೀರಲ್ಲಿ ಮಲಗಿದ್ದವಳು ಅಂತ ಮಾತ್ರ ಜನಕ್ಕೆ ಗೊತ್ತು. 1857ರ ಪ್ರೀ-ರಫೆಲೈಟ್ ಪ್ರದರ್ಶನದಲ್ಲಿ ತನ್ನ ಚಿತ್ರ ಇಟ್ಟಿದ್ದ ಒಬ್ಬಳೇ ಹೆಂಗಸು ಅವಳು. ಕಲಾ ವಿಮರ್ಶಕ ರಸ್ಕಿನ್ ಅವಳ ಕೆಲಸ ಮೆಚ್ಚಿ ವರ್ಷಕ್ಕೆ 150 ಪೌಂಡ್ ಕೊಡೋಕೆ ಒಪ್ಪಿದ್ದ. ಅವಳ ಕವಿತೆ ಒಂದೂ ಅವಳು ಬದುಕಿದ್ದಾಗ ಅಚ್ಚಾಗಲಿಲ್ಲ. ಗಂಡನ ಕವಿತೆಗೋಸ್ಕರ ಗೋರಿನೇ ಅಗೆದವ್ರು ಅವಳ ಕವಿತೆನ ಮೇಜಿನ ಖಾನೆಯಿಂದ ತೆಗೆಯೋಕೂ ಎಷ್ಟೋ ವರ್ಷ ತಗೊಂಡ್ರು.

ಪ್ರಶ್ನೆ: ಚಿತ್ರ ಮತ್ತು ಬರವಣಿಗೆ ಎರಡಕ್ಕೂ ಶಿಕ್ಷೆ ಅನುಭವಿಸಿದವ್ರು ಯಾರಾದ್ರೂ ಇದ್ದಾರಾ?

ಉತ್ತರ: ಇದ್ದಾನೆ, ಉಕ್ರೇನಿನ ತಾರಾಸ್ ಶೆವ್ಚೆಂಕೊ. ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ದೊಡ್ಡ ಥ್ಯಾಂಕ್ಸ್, ಇವನ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಇತ್ತು.

1814ರಲ್ಲಿ ಹುಟ್ಟಿದವನು, ಹುಟ್ಟುತ್ತಲೇ ಜೀತದಾಳು, ಅಂದ್ರೆ ಜಮೀನ್ದಾರನ ಆಸ್ತಿ. ಚಿಕ್ಕ ವಯಸ್ಸಲ್ಲೇ ಅಪ್ಪ ಅಮ್ಮ ಇಬ್ರೂ ಹೋದ್ರು. ಯಜಮಾನನ ಜೊತೆ, ಆಗ ರಷ್ಯಾದ ರಾಜಧಾನಿ ಆಗಿದ್ದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಬಂದಾಗ ಅಲ್ಲಿನ ಕಲಾವಿದರಿಗೆ ಈ ಹುಡುಗನ ಕೈಚಳಕ ಗೊತ್ತಾಯ್ತು, ಆದ್ರೆ ಜೀತದವನಿಗೆ ಕಲಾ ಅಕಾಡೆಮಿಯಲ್ಲಿ ಸೀಟಿಲ್ಲ. ಅದಕ್ಕೆ ದೊಡ್ಡ ಚಿತ್ರಕಾರ ಬ್ರ್ಯೂಲೊವ್, ಕವಿ ಝುಕೊವ್‌ಸ್ಕಿಯ ಒಂದು ಭಾವಚಿತ್ರ ಬರೆದುಕೊಟ್ಟ, ಅದನ್ನ ಲಾಟರಿಗೆ ಇಟ್ಟು ಬಂದ 2500 ರೂಬಲ್ ಕೊಟ್ಟು 1838ರಲ್ಲಿ ಇವನನ್ನ ಬಿಡಿಸಿದ್ರು. ಒಂದು ಕವಿಯ ಚಿತ್ರ ಮಾರಿ ಇನ್ನೊಬ್ಬ ಕವಿಗೆ ಸ್ವಾತಂತ್ರ್ಯ! ಎರಡೇ ವರ್ಷಕ್ಕೆ, 1840ರಲ್ಲಿ, ‘ಕೊಬ್ಜಾರ್’ ಕವನ ಸಂಕಲನ ಬಂತು, ಬರೀ ಎಂಟು ಕವಿತೆ, ಆದ್ರೆ ಉಕ್ರೇನಿ ಭಾಷೆಯ ಸಾಹಿತ್ಯಕ್ಕೇ ಅದು ಬುನಾದಿ ಆಯ್ತು.

ಆಮೇಲೆ ಝಾರ್ ದೊರೆಯನ್ನೂ ರಾಣಿಯನ್ನೂ ಲೇವಡಿ ಮಾಡಿ ಬರೆದ ಕವಿತೆ ಪೊಲೀಸರ ಕೈಗೆ ಸಿಕ್ತು. 1847ರಲ್ಲಿ ಅರೆಸ್ಟ್. ಒರೆನ್‌ಬರ್ಗ್ ಗಡಿಗೆ ಮಾಮೂಲಿ ಸಿಪಾಯಿ ಮಾಡಿ ಕಳಿಸಿದ್ರು, ಅದರ ಮೇಲೆ ಒಂದನೇ ನಿಕೊಲಸ್ ದೊರೆ ತಾನೇ ಕೈಯಾರೆ ಸೇರಿಸಿದ ಷರತ್ತು ಏನಂದ್ರೆ ಇವನ ಮೇಲೆ ಕಟ್ಟುನಿಟ್ಟಿನ ಕಾವಲಿರಬೇಕು, ಬರೆಯೋ ಹಾಗಿಲ್ಲ, ಚಿತ್ರ ಬಿಡಿಸೋ ಹಾಗಿಲ್ಲ. ಆ ದೊರೆಗೆ ಗೊತ್ತಿತ್ತು ನೋಡಿ, ಬರೀ ಪೆನ್ನು ಕಿತ್ಕೊಂಡ್ರೆ ಸಾಲದು, ಕುಂಚನೂ ಕಿತ್ಕೋಬೇಕು ಅಂತ.

ಅಲ್ಲೂ ಬಿಡಲಿಲ್ಲ ಅವನು. ಚಿಕ್ಕ ಚಿಕ್ಕ ಪುಸ್ತಕ ಹೊಲಿದುಕೊಂಡು ಸಿಪಾಯಿ ಬೂಟಿನ ಒಳಗೆ ಬಚ್ಚಿಟ್ಟು ಕವಿತೆ ಬರೆದ, ಅವನ್ನ ಈಗಲೂ ಬೂಟಿನ ಪುಸ್ತಕ ಅಂತಲೇ ಕರೆಯೋದು. 1848–49ರಲ್ಲಿ ಅರಲ್ ಸಮುದ್ರದ ಸರ್ವೆಗೆ ಹೋದ ತಂಡದ ನಾಯಕ ಬುಟಕೋವ್, ಆ ಹುಕುಮನ್ನ ಪಕ್ಕಕ್ಕಿಟ್ಟು ದಂಡೆಗಳ ಚಿತ್ರ ಬರೆಯೋ ಕೆಲಸನ ಇವನಿಗೇ ಕೊಟ್ಟ. ಆ ಜಲವರ್ಣಗಳು ಉಳಿದಿವೆ, ಅರಲ್ ಸಮುದ್ರನೇ ಇವತ್ತು ಹೆಚ್ಚುಕಮ್ಮಿ ಬತ್ತಿ ಹೋಗಿದೆ. 10 ವರ್ಷ ಅನುಭವಿಸಿ 1857ರಲ್ಲಿ ಬಿಡುಗಡೆ ಆದ, 1860ರಲ್ಲಿ ಅಕಾಡೆಮಿ ಅವನಿಗೆ ಕೆತ್ತನೆ ಕಲೆಗೆ ಅಕಾಡೆಮಿಷಿಯನ್ ಪದವಿ ಕೊಡ್ತು. 1861ರ ಮಾರ್ಚ್ 10ಕ್ಕೆ, 47 ತುಂಬಿದ ಮಾರನೇ ದಿನ ಹೋಗಿಬಿಟ್ಟ. ಜೀತ ರದ್ದು ಮಾಡಿದ ಆದೇಶನ ರಾಜಧಾನಿಯಲ್ಲಿ ಸಾರಿ ಓದಿದ್ದು ಅದಾದ ಒಂದು ವಾರಕ್ಕೆ, ಅವನ ಕಿವಿಗೆ ಅದು ಬೀಳಲಿಲ್ಲ.

ಪ್ರಶ್ನೆ: ಫ್ರೆಂಚ್ ಕಾದಂಬರಿಕಾರ ವಿಕ್ಟರ್ ಹ್ಯೂಗೊ ಚಿತ್ರ ಬರೀತಿದ್ನಾ? ನಂಬೋಕಾಗ್ತಿಲ್ಲ.

ಉತ್ತರ: ನಂಬಿ. ಸುಮಾರು 4000 ಚಿತ್ರ. ಪೆನ್ನಲ್ಲಿ ಉಳಿದ ಇಂಕು, ಕಾಫಿ, ಮಸಿ, ಕೈಗೆ ಸಿಕ್ಕಿದ್ದೆಲ್ಲ ಬಳಿದು, ಲೇಸಿನ ಬಟ್ಟೆ ಅದ್ದಿ ಅಚ್ಚು ಒತ್ತಿ, ಕಾಗದದ ಮೇಲೆ ಚೆಲ್ಲಿದ ಕಲೆಯಿಂದಲೇ ಕೋಟೆ ಬಿರುಗಾಳಿ ಹಡಗು ಎಬ್ಬಿಸ್ತಿದ್ದ. ಗರ್ನ್‌ಸೀ ದ್ವೀಪದಲ್ಲಿ ದೇಶಭ್ರಷ್ಟನಾಗಿ ಇದ್ದಾಗ ಸಮುದ್ರದ ಬಗ್ಗೆ ಬರೆದ ಕಾದಂಬರಿಯ ಹಸ್ತಪ್ರತಿಗೆ ತನ್ನ ಚಿತ್ರಗಳನ್ನೂ ಸೇರಿಸಿ ಹೊಲಿಸಿದ್ದ, ಅದರಲ್ಲಿರೋ ಆಕ್ಟೋಪಸ್ ಚಿತ್ರ ಒಂದ್ಸಲ ಹುಡುಕಿ ನೋಡಿ.

ಪ್ರಶ್ನೆ: ತಮ್ಮ ಪುಸ್ತಕಕ್ಕೆ ತಾವೇ ಚಿತ್ರ ಹಾಕಿಕೊಂಡವ್ರು?

ಉತ್ತರ: ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆ ಇದ್ದಾನೆ, ‘ವ್ಯಾನಿಟಿ ಫೇರ್’ಗೆ ಅವನದೇ ಚಿತ್ರ. ಅದಕ್ಕೂ ಮುಂಚೆ 1836ರಲ್ಲಿ ಡಿಕನ್ಸ್ ಹತ್ರ ಹೋಗಿ ನಿಮ್ಮ ‘ಪಿಕ್‌ವಿಕ್’ಗೆ ನಾನು ಚಿತ್ರ ಮಾಡ್ತೀನಿ ಅಂತ ಕೇಳಿದ್ದ, ಅವ್ನು ಒಪ್ಪಲಿಲ್ಲ. ಜಿನೀವಾದ ಮೇಷ್ಟ್ರು ಟಾಪ್‌ಫರ್‌ಗೆ ಕಣ್ಣಿನ ತೊಂದರೆಯಿಂದ ಪೇಂಟರ್ ಆಗೋಕೆ ಆಗಲಿಲ್ಲ, ಬದಲಿಗೆ ಗೀಚಿದ ಗೆರೆಚಿತ್ರಗಳ ಕೆಳಗೆ ಸಾಲು ಬರೆದು ಕಥೆ ಮಾಡ್ದ, ಇವತ್ತಿನ ಕಾಮಿಕ್ಸ್‌ಗೆ ಅದೇ ಮೂಲ ಅಂತಾರೆ. ಎಡ್ವರ್ಡ್ ಲಿಯರ್ ಹರೆಯದಲ್ಲೇ ಗಿಳಿಗಳನ್ನ ಅಷ್ಟು ಜೀವಂತವಾಗಿ ಬರೆದವನು, ವಿಕ್ಟೋರಿಯಾ ರಾಣಿಗೆ ಡ್ರಾಯಿಂಗ್ ಪಾಠ ಹೇಳಿಕೊಟ್ಟವನು. ಮಕ್ಕಳಿಗೆ ಅಂತ ಬರೆದು 1846ರಲ್ಲಿ ಅಚ್ಚಾದ ಅಸಂಬದ್ಧ ಪದ್ಯಗಳಿಂದ ಹೆಸರು ಉಳೀತು, ದೇಶ ದೇಶ ಸುತ್ತಿ ಬರೆದ ನಿಸರ್ಗಚಿತ್ರಗಳು ಹಿಂದೆ ಸರಿದವು. ಆ ನಿಸರ್ಗಚಿತ್ರಗಳೇ ನಂಗೆ ಜಾಸ್ತಿ ಇಷ್ಟ.

ಪ್ರಶ್ನೆ: ಚಿತ್ರಕಾರ ವಾನ್ ಗೋ ಪತ್ರಗಳನ್ನ ಸಾಹಿತ್ಯ ಅಂತ ಕರೀಬಹುದಾ? ಅವ್ನು ಪ್ರಕಟಿಸೋಕೆ ಬರೆದವನಲ್ವಲ್ಲ.

ಉತ್ತರ: ಕರೀಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಪ್ರಕಟಿಸೋಕೆ ಬರೀಲಿಲ್ಲ ಅನ್ನೋದು ಲೆಕ್ಕಕ್ಕೆ ಬಂದ್ರೆ ಫ್ರೆಂಚ್ ಚಿತ್ರಕಾರ ದಲಕ್ರುವಾ ದಿನಚರಿನೂ ಬಿಡಬೇಕಾಗುತ್ತೆ, ಅದು ಅಚ್ಚಾಗೋಕೆ ಶುರುವಾಗಿದ್ದು 1893ರಲ್ಲಿ, ಅವನು ಸತ್ತು 30 ವರ್ಷಕ್ಕೆ.

ವಾನ್ ಗೋ ಬರೆದ 800ಕ್ಕೂ ಹೆಚ್ಚು ಪತ್ರ ಉಳಿದಿವೆ, ಅದರಲ್ಲಿ 650ಕ್ಕೂ ಹೆಚ್ಚು ತಮ್ಮ ಥಿಯೋಗೆ. ಮೊದಲು ಡಚ್ ಭಾಷೆಯಲ್ಲಿ, ಆಮೇಲಾಮೇಲೆ ಹೆಚ್ಚಾಗಿ ಫ್ರೆಂಚಲ್ಲಿ. ದುಡ್ಡು ಸಾಲಲ್ಲ ಬಣ್ಣ ಕಳಿಸು ಅಂತ ಶುರುವಾದ ಪತ್ರ ಎರಡು ಪ್ಯಾರಾ ಕಳೆಯೋ ಹೊತ್ತಿಗೆ ಗದ್ದೆ, ಬಿಸಿಲು, ದುಡಿಯೋ ಜನ, ಓದಿದ ಕಾದಂಬರಿ ಎಲ್ಲೆಲ್ಲಿಗೋ ಹೋಗಿಬಿಡುತ್ತೆ, ನಡುವೆ ಒಂದು ಪುಟ್ಟ ಸ್ಕೆಚ್. ಅಣ್ಣ 1890ರ ಜುಲೈಯಲ್ಲಿ ಹೋದ, ಆರು ತಿಂಗಳಿಗೆ ತಮ್ಮನೂ ಹೋದ. ಕೈಲಿ ಪುಟ್ಟ ಮಗು ಇಟ್ಕೊಂಡ ಥಿಯೋ ಹೆಂಡತಿ ಜೋ ಆ ಪತ್ರಗಳನ್ನೆಲ್ಲ ಜೋಡಿಸಿ, ತಾರೀಖಿಲ್ಲದ ಪತ್ರಗಳ ಕ್ರಮ ಹುಡುಕಿ, 1914ರಲ್ಲಿ ಮೂರು ಸಂಪುಟ ತಂದಳು. ಅವಳಿಲ್ಲದಿದ್ರೆ ವಾನ್ ಗೋ ಅನ್ನೋ ಬರಹಗಾರ ನಮಗೆ ಸಿಗ್ತಾನೇ ಇರಲಿಲ್ಲ.

1888ರ ಅಕ್ಟೋಬರಲ್ಲಿ ಆರ್ಲ್ಸ್ ಊರಿನ ತನ್ನ ಮಲಗೋ ಕೋಣೆ ಚಿತ್ರದ ಬಗ್ಗೆ ಥಿಯೋಗೆ ಬರೆದ ಪತ್ರ ಮಾತ್ರ ತಪ್ಪದೇ ಓದಿ. ಗೋಡೆ ತಿಳಿ ನೇರಳೆ, ನೆಲ ಕೆಂಪು, ಮಂಚ ಕುರ್ಚಿ ಹೊಸ ಬೆಣ್ಣೆಯ ಹಳದಿ, ಹೊದಿಕೆ ಕಡುಕೆಂಪು, ಬಾಗಿಲು ನೇರಳೆ ಅಂತ ಒಂದೊಂದೇ ಹೇಳ್ತಾ ಹೋಗ್ತಾನೆ. ಈಗ ಆ ಚಿತ್ರ ನೋಡಿದ್ರೆ ಗೋಡೆ ನೀಲಿ ಕಾಣುತ್ತೆ. ಅವನು ಬೆರೆಸಿದ್ದ ಕೆಂಪು ಬಣ್ಣ ಬೆಳಕಿಗೆ ಮಾಸಿ ಹೋಗಿ ಬರೀ ನೀಲಿ ಉಳೀತು ಅಂತ ಪರೀಕ್ಷೆ ಮಾಡಿದವ್ರು ಕಂಡುಕೊಂಡ್ರು. ಆ ನೇರಳೆ ಗೋಡೆ ಇವತ್ತು ಇರೋದು ಪತ್ರದಲ್ಲಿ.