ಜೆರಾಕ್ಸ್ ಕಳೆದುಕೊಂಡದ್ದು, ನಮಗೆ ಸಿಕ್ಕಿದ್ದು

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಜೆರಾಕ್ಸ್ ಕಂಪನಿಯ 'ಪಾರ್ಕ್' ಪ್ರಯೋಗಾಲಯಕ್ಕೆ ನಾಲ್ಕು ಪುಟ ಕೊಟ್ಟಿದ್ದೀರಿ. ದುಡ್ಡು ಸುರಿದದ್ದು ಜೆರಾಕ್ಸ್, ಲಾಭ ಮಾಡಿದ್ದು ಆಪಲ್. ಇಂಥ ಸಂಶೋಧನೆ ಯಾರಿಗೆ ಬೇಕು? ಕಾಸರಗೋಡಿನ ಕನ್ನಡಿಗರ ಕಷ್ಟ ಬಿಟ್ಟು ಅಮೆರಿಕದ ಕಥೆ ಯಾಕೆ? ನನ್ನ ತೋಟದ ಮಂಗಳ ತಳಿಯ ಅಡಿಕೆ ಬಗ್ಗೆ ಬರೆದಿದ್ದರೆ ಖುಷಿಯಿಂದ ಓದುತ್ತಿದ್ದೆ." – ಪೆರ್ಲದ ಕೃಷಿಕರೊಬ್ಬರು

ಪ್ರಿಯರೇ,

ನೀವು ಹೇಳಿದ್ದರಲ್ಲಿ ಸತ್ಯ ಇದೆ. 1981ರಲ್ಲಿ ಜೆರಾಕ್ಸ್ ಮಾರುಕಟ್ಟೆಗೆ ತಂದ 'ಸ್ಟಾರ್' ಕಂಪ್ಯೂಟರಿನ ಬೆಲೆ 16 ಸಾವಿರ ಡಾಲರ್ ದಾಟಿತ್ತು. ಅದು ಸೋತಿತು. ಷೇರುದಾರರು ಬೇಸರಪಟ್ಟರೆ ತಪ್ಪಲ್ಲ.

ಆದರೆ ಜೆರಾಕ್ಸಿಗೆ ಏನೂ ಸಿಗಲಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಜೆರಾಕ್ಸಿನಲ್ಲೇ ಇದ್ದ ಗ್ಯಾರಿ ಸ್ಟಾರ್ಕ್‌ವೆದರ್ ಎಂಬ ಎಂಜಿನಿಯರ್ ಲೇಸರ್ ಕಿರಣದಿಂದ ಅಚ್ಚು ಹಾಕಬಹುದು ಎಂದಾಗ ಅವರ ಮೇಲಧಿಕಾರಿಗಳಿಗೆ ಅದು ಹಿಡಿಸಲಿಲ್ಲ. 1971ರಲ್ಲಿ ಅವರು ಪಾರ್ಕಿಗೆ ಬಂದರು. ಅಲ್ಲಿ ಯಾರೂ ತಡೆಯಲಿಲ್ಲ. 1977ರಲ್ಲಿ ಲೇಸರ್ ಪ್ರಿಂಟರ್ ಮಾರಾಟಕ್ಕೆ ಬಂತು, ಕಂಪನಿಗೆ ನೂರಾರು ಕೋಟಿ ಡಾಲರ್ ತಂದಿತು. ಆರು ವರ್ಷ ಕಾಯುವ ತಾಳ್ಮೆ ಇದ್ದದ್ದಕ್ಕೆ ಅಲ್ವಾ?

ಆ ಜಾಗ ಹೇಗಿತ್ತು ಎಂಬುದೇ ನನಗೆ ಜಾಸ್ತಿ ಇಷ್ಟ. 1970ರಲ್ಲಿ ಶುರುವಾದ ಪಾರ್ಕಿನಲ್ಲಿ ಕಂಪ್ಯೂಟರ್ ವಿಭಾಗವನ್ನು ಕಟ್ಟಿದ್ದು ಬಾಬ್ ಟೇಲರ್. ಅವರು ಓದಿದ್ದು ಮನಶ್ಶಾಸ್ತ್ರ. ವಾರಕ್ಕೊಮ್ಮೆ ಎಲ್ಲರನ್ನೂ ಮೆತ್ತನೆಯ ಬೀನ್‌ಬ್ಯಾಗ್‌ಗಳ ಮೇಲೆ ಕೂರಿಸುತ್ತಿದ್ದರು. ಒಬ್ಬರು ತಮ್ಮ ಯೋಚನೆಯನ್ನು ಮುಂದಿಡಬೇಕು, ಉಳಿದವರು ಪ್ರಶ್ನೆ ಹಾಕಿ ಹಾಕಿ ಅದನ್ನು ಜಾಲಾಡಬೇಕು. ನಮ್ಮ ತಾಳಮದ್ದಳೆಯ ಹಾಗೆಯೇ: ಅರ್ಥಧಾರಿ ಪೀಠಿಕೆ ಹಾಕಿದರೆ ಎದುರು ಕೂತವರು ಸುಮ್ನೆ ಬಿಡುತ್ತಾರೆಯೇ? ಆ ಜಗಳದೊಳಗೆ ಬೆಳೆದದ್ದು 1973ರ ಆಲ್ಟೊ ಕಂಪ್ಯೂಟರ್. ಪರದೆಯ ಮೇಲೆ ಚಿತ್ರ, ಕೈಯಲ್ಲಿ ಮೌಸ್, ಯಂತ್ರದಿಂದ ಯಂತ್ರಕ್ಕೆ ಮಾಹಿತಿ ಸಾಗಿಸುವ ಈಥರ್ನೆಟ್ ಎಂಬ ತಂತಿಜಾಲ. ನೀವು ಹೇಳಿದ ಆಪಲ್ ಲಾಭ ಮಾಡಿದ್ದು ಈ ಚಿತ್ರ, ಮೌಸ್‌ಗಳ ಯೋಚನೆಯಿಂದಲೇ.

ಈಗ ನಮ್ಮ ಪತ್ರಿಕೆಗೆ ಬನ್ನಿ. ಒಂದು ಕಾಲದಲ್ಲಿ ಇದಕ್ಕೆ ಅಚ್ಚುಮೊಳೆ ಜೋಡಿಸುತ್ತಿದ್ದೆವು. ಆಮೇಲೆ ಕಂಪ್ಯೂಟರಿನಲ್ಲೇ ಪುಟ ಕಟ್ಟುವ ಡಿಟಿಪಿ ಬಂತು. ಅದಕ್ಕೆ ಬುನಾದಿಯಾದದ್ದು ಪೋಸ್ಟ್‌ಸ್ಕ್ರಿಪ್ಟ್, ಅಂದರೆ ಪುಟ ಹೇಗೆ ಮೂಡಬೇಕೆಂದು ಪ್ರಿಂಟರಿಗೆ ಹೇಳುವ ಭಾಷೆ. ಅದನ್ನು ಮಾಡಿದವರು 1982ರಲ್ಲಿ ಪಾರ್ಕ್ ಬಿಟ್ಟು ಅಡೋಬಿ ಕಂಪನಿ ಕಟ್ಟಿದ ವಾರ್ನಾಕ್ ಮತ್ತು ಗೆಶ್ಕಿ. ನೀವು ಪತ್ರವನ್ನು ಮೊಬೈಲಿನಲ್ಲಿ ಕನ್ನಡದಲ್ಲೇ ಟೈಪಿಸಿ ಕಳಿಸಿದ್ದೀರಿ. ಅದು ಯೂನಿಕೋಡ್, ಅಂದರೆ ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಕಂಪ್ಯೂಟರಿಗಾಗಿ ಒಂದೊಂದು ಸಂಖ್ಯೆ ಕೊಡುವ ಪಟ್ಟಿ. 1988ರಲ್ಲಿ ಅದರ ಮೊದಲ ಕರಡು ಬರೆದದ್ದು ಜೆರಾಕ್ಸಿನ ಜೋ ಬೆಕರ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಅಮೆರಿಕದ ಕಥೆ ನಮಗೆ ಯಾಕೆ ಎಂದು ನೀವು ಕೇಳಿದ್ದು ಅದೇ ಅಕ್ಷರಗಳಲ್ಲಿ!

ಮಂಗಳ ತಳಿ ಎಂದಿರಲ್ಲ, ಬಹಳ ಒಳ್ಳೆಯ ಉದಾಹರಣೆ. ಚೀನಾದಿಂದ ಬಂದ ಅಡಿಕೆಯನ್ನು ವಿಟ್ಲದ ಕೇಂದ್ರದಲ್ಲಿ ವರ್ಷಗಟ್ಟಲೆ ಬೆಳೆಸಿ ನೋಡಿ 1972ರಲ್ಲಿ ಬಿಡುಗಡೆ ಮಾಡಿದರು. ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಶುರುವಾದದ್ದು 1916ರಲ್ಲಿ. ಸಸಿ ನೆಟ್ಟ ವಿಜ್ಞಾನಿ ಫಲ ನೋಡುವ ಹೊತ್ತಿಗೆ ನಿವೃತ್ತನಾಗಿರಬಹುದು. ಅವರನ್ನು ಯಾರಾದರೂ 'ಈ ವರ್ಷ ಎಷ್ಟು ಲಾಭ' ಎಂದು ಕೇಳಿದ್ದರೆ ನಿಮ್ಮ ತೋಟ ಹೇಗಿರುತ್ತಿತ್ತು?

ನನ್ನ ಸಿಟ್ಟು ಇಲ್ಲೇ. ನಮ್ಮ ಊರಿನ ಬುದ್ಧಿವಂತ ಮಕ್ಕಳು ಬೆಂಗಳೂರಿನ ಕಂಪನಿಗಳಲ್ಲಿ ಯಾರದೋ ಆರ್ಡರಿಗೆ ರಾತ್ರಿ ಹಗಲು ಕೋಡ್ ಬರೆಯುತ್ತಾರೆ. 'ಐದು ವರ್ಷ ತಗೊ, ನಿನಗೆ ತೋಚಿದ್ದನ್ನು ಮಾಡಿ ತೋರಿಸು' ಎನ್ನುವವರು ಅವರಿಗೆ ಎಲ್ಲಿ ಸಿಗುತ್ತಾರೆ? ದುಡ್ಡಿಲ್ಲ ಎಂದಲ್ಲ. ಧೈರ್ಯ ಇಲ್ಲ.

ಇನ್ನು ಕಾಸರಗೋಡಿನ ಕನ್ನಡಿಗರ ಕಷ್ಟ. ಇಲ್ಲಿಯ ಒಂದು ಕಚೇರಿಯಲ್ಲಿ ಕನ್ನಡದ ಅರ್ಜಿ ಕೇಳಿದ್ದಕ್ಕೆ 'ಕಂಪ್ಯೂಟರಿನಲ್ಲಿ ಕನ್ನಡ ಇಲ್ಲ' ಎಂದರು. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 128 ಜಾಗ, ಅದರ ಪಕ್ಕದಲ್ಲೇ ಮಲಯಾಳಕ್ಕೂ 128. ಮಲಯಾಳ ಮೂಡಿಸುವ ಯಂತ್ರಕ್ಕೆ ಕನ್ನಡ ಭಾರವಲ್ಲ. ಮುಂದಿನ ಸಲ ಯಾರಾದರೂ ಹಾಗೆ ಹೇಳಿದರೆ ಈ ಪುಟವನ್ನು ಅವರ ಮೇಜಿನ ಮೇಲಿಡಿ. ಆಮೇಲೆ ಏನಾಯಿತು ಎಂದು ನನಗೆ ಬರೆಯಿರಿ.

– ಸಂ.